ಬ್ಯಾಕ್ಟೀರಿಯ ಕುಟುಂಬನಾಮಗಳ ಅಕ್ಷರವಿಭಾಗವೂ ಉಚ್ಚಾರವೂ

೧

ವಿಜ್ಞಾನದ ಪಾರಿಭಾಷಿಕ ಶಬ್ದಗಳನ್ನು ಕನ್ನಡಕ್ಕೆ ತರುವ ಬಗೆಯನ್ನು ಕುರಿತು ನಮ್ಮಲ್ಲಿ ಬಹುಕಾಲದಿಂದ ಚರ್ಚೆ ನಡೆದಿದೆ. ಆ ಚರ್ಚೆ ಬಹುಮಟ್ಟಿಗೆ ಅನುವಾದಕ್ಕೆ ಸಂಬಂಧಿಸಿದುದು. ಯಾವ ಅನ್ಯಭಾಷಾಶಬ್ದಕ್ಕೆ ಯಾವ ಕನ್ನಡ ಅಥವಾ ಸಂಸ್ಕೃತ ಶಬ್ದ ಸಮನಾದೀತೆಂಬುದನ್ನು ಕುರಿತದ್ದು. ಆದರೆ ಅನುವಾದಕ್ಕೆ ಒಳಪಡದೆ ಎಲ್ಲ ಭಾಷೆಗಳಲ್ಲಿಯೂ ಇದ್ದಂತೆಯೇ ಉಳಿಯಬೇಕಾದ ಹೆಸರುಗಳೂ ಉಂಟು. ಸಸ್ಯಗಳ, ಪ್ರಾಣಿಗಳ, ಬ್ಯಾಕ್ಟೀರಿಯಗಳ ಶಾಸ್ತ್ರೀಯನಾಮಗಳು ಈ ವರ್ಗಕ್ಕೆ ಸೇರಿದವು. ಅವನ್ನು ಕನ್ನಡದ ಬಾಯಿ ಹೇಗೆ ನುಡಿಯಬೇಕು, ಕನ್ನಡದ ಲಿಪಿ ಹೇಗೆ ಬರೆಯಬೇಕು ಎಂಬ ಪ್ರಶ್ನೆಯನ್ನು ಭಾಷಾಧ್ಯಾಪಕರಾದ ನಾವು ವಿಜ್ಞಾನದ ಅಧ್ಯಾಪಕರಿಗೆ ಬಿಟ್ಟುಕೊಟ್ಟಿದ್ದೇವೆ. ಅವರು ಅದನ್ನು ಇಂಗ್ಲಿಷಿನ ರೂಢಿಗೆ ಬಿಟ್ಟುಕೊಟ್ಟಿದ್ದಾರೆ. ಬ್ಯಾಕ್ಟೀರಿಯಗಳ ಕುಟುಂಬನಾಮಗಳನ್ನು ಮಾತ್ರ ಆಯ್ದುಕೊಂಡು, ಅವನ್ನು ಬರೆಯುವಲ್ಲಿ ಈಗ ರೂಢಿಯಲ್ಲಿರುವ ಕ್ರಮವನ್ನು ಪರಿಶೀಲಿಸಿ, ಅದಕ್ಕೆ ಬದಲಾಗಿ ನಮ್ಮ ವ್ಯಾಕರಣ-ಛಂದಸ್ಸುಗಳೇ ತೋರಿಸಿಕೊಡುವ ಒಂದು ಕ್ರಮವನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪ್ರಶ್ನೆ ನಮ್ಮ ಗಮನಕ್ಕೆ ಬಂದುದು ಒಂದು ಮೌಖಿಕ ಪರೀಕ್ಷೆಯ ಸಂದರ್ಭದಲ್ಲಿ. ನವಲಗುಂದ ತಾಲೂಕಿನ ಹಳ್ಳಿಯೊಂದರಿಂದ ಬಂದ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ವಿದ್ಯಾರ್ಥಿನಿಯೊಬ್ಬಳಿಗೆ ದ್ವಿದಳಸಸ್ಯಗಳ ಬೇರುಗಂಟನ್ನು ಕುರಿತು ಪ್ರಶ್ನೆ ಹಾಕಲಾಯಿತು. "ಗಂಟ ನಮ್ಮ ಹೊಲದಾಗ ನೋಡೇನ್ರಿ ಸರ" ಎಂದು ಆಕೆ ಕಡಲೆಯ ಬೇರನ್ನು ಚೆನ್ನಾಗಿಯೇ ವರ್ಣಿಸಿದಳು. ಗಂಟಿನಲ್ಲಿರುವ ಜೀವಾಣುವಿನ ಕುಟುಂಬ ಯಾವುದೆಂದು ಕೇಳಿದಾಗ, ಪುಸ್ತಕದಲ್ಲಿದ್ದ ರೋಮನ್ ಅಕ್ಷರಗಳನ್ನು ಒಂದೊಂದಾಗಿ ಓದಿಕೊಂಡವಳಂತೆ "ರಿಜೊಬಿಯಾಸೆಯೆ" ಎಂದಳು. ಪರೀಕ್ಷಕರಲ್ಲೊಬ್ಬರು ನಕ್ಕು "ರೈಜೋಬಿಯೇಸಿ" ಎಂದು ತಿದ್ದಿದರು. ಆ ಬಳಿಕ ಆಕೆ ಬಾಯಿ ತೆರೆಯಲಿಲ್ಲ. ಪರೀಕ್ಷೆ ಮುಗಿದ ಮೇಲೆ ನಾವು ಈ ಹೆಸರಿನ ಬೆನ್ನು ಹತ್ತಿ ಹೋದೆವು. ತಪ್ಪಿದವರು ಯಾರೆಂಬುದು ತಿಳಿದಾಗ ನಮಗೆ ನಾಚಿಕೆಯಾಯಿತೆಂದು ಒಪ್ಪಿಕೊಳ್ಳಬೇಕು. ತಿದ್ದಿದ ಉಚ್ಚಾರದಲ್ಲಿ ಹೆಸರಿನ ಒಂದು ಅಕ್ಷರವೇ ಲುಪ್ತವಾಗಿತ್ತು. ಆಕೆಯ ಉಚ್ಚಾರದಲ್ಲಿ ಎಲ್ಲವೂ ಇದ್ದವು.

೨

ಮೊದಲು ಈ ಹೆಸರುಗಳ ರಚನೆಯನ್ನು ನೋಡೋಣ. ಬ್ಯಾಕ್ಟೀರಿಯಗಳ ನಾಮಕರಣಕ್ಕೆ ಅಂತರರಾಷ್ಟ್ರೀಯ ಸಂಹಿತೆಯೊಂದಿದೆ. ಬ್ಯಾಕ್ಟೀರಿಯಗಳನ್ನು ಹಿಂದೆ ಸಸ್ಯಗಳೆಂದೇ ಎಣಿಸುತ್ತಿದ್ದುದರಿಂದ ಅವುಗಳ ಕುಟುಂಬನಾಮಕ್ಕೆ ಸಸ್ಯಕುಟುಂಬಗಳ ಪ್ರತ್ಯಯವೇ ಬಂದಿತು. ೧೯೪೭ರಲ್ಲಿ ಬ್ಯಾಕ್ಟೀರಿಯಗಳಿಗೆ ಬೇರೆ ಸಂಹಿತೆಯೇ ಅಂಗೀಕೃತವಾದ ಮೇಲೂ ಆ ಪ್ರತ್ಯಯ ಉಳಿಯಿತು. ಆದುದರಿಂದಲೇ ಹತ್ತಿಯ ಕುಟುಂಬದ ಹೆಸರು, ಕಡಲೆಯ ಕುಟುಂಬದ ಹೆಸರು, ಕಡಲೆಯ ಬೇರುಗಂಟಿನೊಳಗಿನ ಜೀವಾಣುವಿನ ಕುಟುಂಬದ ಹೆಸರು ಇವು ಮೂರಕ್ಕೂ ಕೊನೆ ಒಂದೇ. ಆ ಪ್ರತ್ಯಯ ಲ್ಯಾಟಿನ್ನಿನದು. ಅದರ ಅಕ್ಷರಗಳು ಮೂರು: ಆ–ಕೆ–ಐ. ಮೊದಲನೆಯದು ದೀರ್ಘ, ಎರಡನೆಯದು ಹ್ರಸ್ವ, ಮೂರನೆಯದು ಸಂಧ್ಯಕ್ಷರ. ರೋಮನ್ ಲಿಪಿಯಲ್ಲಿ ಕೊನೆಯ ಸಂಧ್ಯಕ್ಷರವನ್ನು ಎರಡು ವರ್ಣಗಳಿಂದ ಬರೆಯುವರಾದರೂ ಅದು ಒಂದೇ ಸ್ವರವೆಂಬುದನ್ನು ಮರೆಯಲಾಗದು. 'ಅದಕ್ಕೆ ಸೇರಿದವು, ಅದರ ಸ್ವಭಾವದವು' ಎಂದು ಪ್ರತ್ಯಯದ ಅರ್ಥ. ರೂಪ ಸ್ತ್ರೀಲಿಂಗ ಬಹುವಚನ.

ಈ ಪ್ರತ್ಯಯ ಹತ್ತುವುದು ಆ ಕುಟುಂಬದ ಮಾದರಿಕುಲದ ಹೆಸರಿಗಲ್ಲ, ಆ ಹೆಸರಿನ ಪ್ರಕೃತಿಗೆ. ಪ್ರಥಮಾ ವಿಭಕ್ತಿಯ ರೂಪಕ್ಕೂ ಪ್ರಕೃತಿಗೂ ಇರುವ ಭೇದವನ್ನು ಅರಿಯದವರಿಗೆ ಇಲ್ಲಿ ತೊಡಕುಂಟಾಗುತ್ತದೆ. 'ವಿಬ್ರಿಯೊ' ಎಂಬ ಕುಲದ ಕುಟುಂಬ 'ವಿಬ್ರಿಯೊನೇಸಿಯೆ'. ನಡುವಿನ ನಕಾರ ಎಲ್ಲಿಂದ ಬಂತು? 'ಸ್ಯೂಡೊಮೊನಸ್' ಎಂಬುದರ ಕುಟುಂಬ 'ಸ್ಯೂಡೊಮೊನಡೇಸಿಯೆ'. ಸಕಾರ ಹೋಗಿ ಡಕಾರವೇಕೆ ಬಂತು? ಸಂಸ್ಕೃತ ಬಲ್ಲವರಿಗೆ ಇದು ಹೊಸದಲ್ಲ. 'ರಾಜನ್' ಎಂಬುದು ಪ್ರಾತಿಪದಿಕ. ಪ್ರಥಮೆಯ ಏಕವಚನದಲ್ಲಿ 'ರಾಜಾ' ಎಂದು ನಕಾರ ಲೋಪವಾಗಿ, 'ರಾಜಾನೌ' ಎಂಬಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಲ್ಯಾಟಿನ್ನಿನ ನಕಾರಾಂತ ಶಬ್ದಗಳದೂ ಇದೇ ನಡೆ. ಗ್ರೀಕಿನ 'ಮೊನಸ್' ಶಬ್ದದ ಪ್ರಕೃತಿ ದಕಾರಾಂತವಾದುದರಿಂದ ಕುಟುಂಬನಾಮದಲ್ಲಿ ಆ ವ್ಯಂಜನ ಹೊರಬೀಳುತ್ತದೆ.

ಸಂಸ್ಕೃತ ಅರಿಯದ ವಿದ್ಯಾರ್ಥಿಗೂ ಇದನ್ನು ತಿಳಿಸಿಹೇಳುವ ಸಾಧನ ಧಾರವಾಡ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಎಲ್ಲಿಯೇ ನೋಡಿದರೂ ಮನೆತನದ ಹೆಸರುಗಳಲ್ಲಿ ಒಂದು ದೊಡ್ಡ ವರ್ಗ 'ಬಸಪ್ಪನವರ', 'ಚನ್ನಪ್ಪನವರ' ಎಂಬ ಬಗೆಯದು. ಮೂಲಪುರುಷ ಬಸಪ್ಪ, ಅವನ ಮನೆತನದವರು ಬಸಪ್ಪನವರ. ಇಲ್ಲಿ 'ಬಸಪ್ಪ' ಎಂಬ ರೂಪಕ್ಕೆ 'ಅವರ' ಎಂಬುದು ನೇರವಾಗಿ ಹತ್ತದೆ ನಡುವೆ ನಕಾರ ಕಾಣಿಸಿಕೊಂಡಿದೆ. 'ಬಸಪ್ಪನ' ಎಂಬ ಷಷ್ಠಿಯಲ್ಲಿರುವ ನಕಾರವೇ ಅದು. ವಿಬ್ರಿಯೊನೇಸಿಯೆ ಎಂದರೆ ವಿಬ್ರಿಯೊನವರ ಮನೆತನ. ಎರಡು ಭಾಷೆಗಳ ನಕಾರಗಳು ಹುಟ್ಟಿನಿಂದ ಬೇರೆಯಾದರೂ ಅವು ತೋರುವ ಎಡೆ ಒಂದೇ. ನಮ್ಮ ಅನುಭವದಲ್ಲಿ, ಹೀಗೆ ಹೇಳಿದ ಮೇಲೆ ವಿದ್ಯಾರ್ಥಿಗಳು ಪ್ರಕೃತಿ-ಪ್ರತ್ಯಯಗಳ ಗಡಿಯನ್ನು ತಪ್ಪುವುದಿಲ್ಲ.

ಗಡಿಯನ್ನು ತಪ್ಪಿದರೆ ಆಗುವ ಹಾನಿ ಕೇವಲ ಉಚ್ಚಾರದ್ದಲ್ಲ. 'ಎಂಟೆರೊಬ್ಯಾಕ್ಟೀರಿಯೇಸಿಯೆ' ಎಂಬ ಹೆಸರನ್ನು ನೋಡಬಹುದು. ಇದು ರಾನ್ ಎಂಬ ವಿದ್ವಾಂಸನು ೧೯೩೭ರಲ್ಲಿ ಕೊಟ್ಟ ಹೆಸರು. ಇದರ ಮಾದರಿಕುಲ ಎಶರಿಕಿಯ. ಮಾದರಿಕುಲದಿಂದಲೇ ಹೆಸರು ಹುಟ್ಟಬೇಕೆಂಬ ನಿಯಮಕ್ಕೆ ಇದು ಅಪವಾದವಾಗಿ ಉಳಿಸಿಕೊಂಡ ಹೆಸರು. 'ಎಂಟೆರೊಬ್ಯಾಕ್ಟರ್' ಎಂಬ ಕುಲನಾಮ ಬಂದುದು ೧೯೬೦ರಲ್ಲಿ, ಅಂದರೆ ಕುಟುಂಬನಾಮಕ್ಕಿಂತ ಇಪ್ಪತ್ತಮೂರು ವರ್ಷ ತಡವಾಗಿ. ಅವಸರದಲ್ಲಿ 'ಎಂಟರೋಬ್ಯಾಕ್ಟರೇಸಿ' ಎಂದು ನುಡಿಯುವ ವಿದ್ಯಾರ್ಥಿ ನಡುವಿನ 'ರಿ' ಎಂಬ ಅಕ್ಷರವನ್ನು ಬಿಟ್ಟು, ಕುಟುಂಬವು ಎಂಟೆರೊಬ್ಯಾಕ್ಟರ್ ಕುಲದಿಂದ ಹುಟ್ಟಿತೆಂಬ ತಪ್ಪು ಇತಿಹಾಸವನ್ನೇ ಹೇಳಿದಂತಾಗುತ್ತದೆ. ಒಂದು ಲಘುವಿನಲ್ಲಿ ಇಷ್ಟು ಅರ್ಥ ಅಡಗಿದೆ.

೩

ಇನ್ನು ಅಕ್ಷರವಿಭಾಗ. ಲ್ಯಾಟಿನ್ನಿನ ನಿಯಮ ಸಂಕ್ಷೇಪವಾಗಿ ಹೀಗಿದೆ. ಸ್ವರಗಳೆಷ್ಟೋ ಅಕ್ಷರಗಳಷ್ಟು, ಸಂಧ್ಯಕ್ಷರವನ್ನು ಒಂದೆಂದೇ ಎಣಿಸಬೇಕು. ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತದೆ. ಎರಡು ವ್ಯಂಜನಗಳಿದ್ದರೆ ಮೊದಲನೆಯದು ಹಿಂದಕ್ಕೂ ಎರಡನೆಯದು ಮುಂದಕ್ಕೂ ಹೋಗುತ್ತವೆ. ಸ್ಪರ್ಶವ್ಯಂಜನದ ಬಳಿಕ ರೇಫವೋ ಲಕಾರವೋ ಬಂದರೆ ಮಾತ್ರ ಎರಡೂ ಕೂಡಿ ಮುಂದಕ್ಕೆ ಹೋಗುತ್ತವೆ.

ನಮ್ಮ ಲಿಪಿಯ ಕ್ರಮ ಬೇರೆ. ಕನ್ನಡದಲ್ಲಿ ಸಂಯುಕ್ತಾಕ್ಷರವನ್ನು ಒಡೆಯದೆ ಇಡಿಯಾಗಿ ಮುಂದಿನ ಸ್ವರದೊಡನೆ ಬರೆಯುತ್ತೇವೆ. ಆದುದರಿಂದ ಕಣ್ಣಿಗೆ 'ಬ್ಯಾ–ಕ್ಟೀ–ರಿ–ಯ' ಎಂಬ ವಿಭಾಗ ತೋರುತ್ತದೆ. ಹಾಗೆಯೇ ಒಡೆದು ಓದುವ ಅಭ್ಯಾಸವೂ ತರಗತಿಗಳಲ್ಲಿದೆ. ಲಿಪಿಯನ್ನೇ ಪ್ರಮಾಣವೆಂದು ಹಿಡಿದರೆ ಕನ್ನಡಕ್ಕೂ ಲ್ಯಾಟಿನ್ನಿಗೂ ವಿರೋಧವಿದೆಯೆಂದು ಭಾವಿಸಬೇಕಾಗುತ್ತದೆ. ಆದರೆ ನಮ್ಮ ಛಂದಸ್ಸು ಲಿಪಿಯ ಮಾತನ್ನು ಕೇಳಿಲ್ಲ. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬುದು ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯ ಕಾಲದಿಂದ ಪ್ರಾಥಮಿಕ ಶಾಲೆಯವರೆಗೆ ಎಲ್ಲರೂ ಬಲ್ಲ ಮಾತು. ಅದು ಗುರುವಾಗುವುದೇಕೆ? ಒತ್ತಕ್ಷರದ ಮೊದಲ ವ್ಯಂಜನ ನುಡಿಯುವಾಗ ಹಿಂದಕ್ಕೆ ಸೇರಿ ಅದರ ತೂಕವನ್ನು ಹೆಚ್ಚಿಸುವುದರಿಂದ. 'ಬ್ಯಾಕ್–ಟೀ' ಎಂಬ ಲ್ಯಾಟಿನ್ ವಿಭಾಗವೂ ನಮ್ಮ ಗುರುವಿನ ನಿಯಮವೂ ಒಂದೇ ಸಂಗತಿಯ ಎರಡು ಹೇಳಿಕೆಗಳು. ಲ್ಯಾಟಿನ್ನಿನಲ್ಲಿ ರೇಫ-ಲಕಾರಗಳಿಗೆ ಇರುವ ವಿನಾಯಿತಿಗೂ ನಮ್ಮಲ್ಲಿ ಹೋಲಿಕೆಯುಂಟು. ಕೇಶಿರಾಜನು ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಹೇಳುವ ಶಿಥಿಲದ್ವಿತ್ವದಲ್ಲಿಯೂ ಒತ್ತಿನ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ನಮ್ಮಲ್ಲಿ ರೇಫಾದಿಗಳು ಒತ್ತಿನಲ್ಲಿ ಮೊದಲು ಬರುತ್ತವೆ, ಅಲ್ಲಿ ಕೊನೆಗೆ ಬರುತ್ತವೆ ಎಂಬ ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು.

ಸ್ವರಾಘಾತದ ನಿಯಮವೂ ತೂಕವನ್ನೇ ನೆಮ್ಮಿದೆ. ಕೊನೆಯಿಂದ ಎರಡನೆಯ ಅಕ್ಷರ ಗುರುವಾದರೆ ಆಘಾತ ಅದರ ಮೇಲೆ; ಲಘುವಾದರೆ ಕೊನೆಯಿಂದ ಮೂರನೆಯದರ ಮೇಲೆ. 'ಬಸಿಲ್ಲಸ್' ಎಂಬ ಕುಲನಾಮದಲ್ಲಿ ದ್ವಿತ್ವದಿಂದಾಗಿ 'ಸಿಲ್' ಗುರು, ಆಘಾತ ಅಲ್ಲಿಯೇ. ಕುಟುಂಬನಾಮಗಳಲ್ಲಿ ಕೊನೆಯಿಂದ ಎರಡನೆಯದು ಯಾವಾಗಲೂ ಪ್ರತ್ಯಯದ ಹ್ರಸ್ವಾಕ್ಷರ. ಆದುದರಿಂದ ಆಘಾತ ಯಾವಾಗಲೂ ಪ್ರತ್ಯಯದ ಮೊದಲಿನ ದೀರ್ಘದ ಮೇಲೆ. 'ರೈಜೊಬಿಯಮ್' ಎಂಬಲ್ಲಿ 'ಜೊ' ಮೇಲಿದ್ದ ಆಘಾತ 'ರೈಜೊಬಿಯೇಸಿಯೆ' ಎಂಬಲ್ಲಿ 'ಯೇ'ಗೆ ಸರಿಯುತ್ತದೆ. ಕುಲನಾಮಗಳಲ್ಲಿ ಸಂದೇಹಗಳುಂಟು; 'ಸ್ಯೂಡೊಮೊನಸ್' ಎಂಬುದಕ್ಕೆ ಎರಡು ಬಗೆಯ ಆಘಾತವನ್ನು ವಿದ್ವಾಂಸರೇ ಕೊಟ್ಟಿದ್ದಾರೆ. ಕುಟುಂಬನಾಮಗಳಲ್ಲಿ ಅಂತಹ ಸಂದೇಹಕ್ಕೆ ಎಡೆಯಿಲ್ಲ. ಹೀಗಿದ್ದರೂ ಕುಟುಂಬವರ್ಣನೆಗಳಲ್ಲಿ ಆಘಾತಚಿಹ್ನೆಯನ್ನು ಕೆಲವರು ದೀರ್ಘದ ಬಳಿಕವೂ ಕೆಲವರು ಮುಂದಿನ ಹ್ರಸ್ವದ ಬಳಿಕವೂ ಅಚ್ಚು ಹಾಕಿಸಿರುವುದು ಕಂಡುಬರುತ್ತದೆ. ಚಿಹ್ನೆಯ ಹಿಂದಿನ ಅಕ್ಷರವೇ ಆಘಾತಾಕ್ಷರವೆಂಬ ಸಂಪ್ರದಾಯವಿರುವುದರಿಂದ ಎರಡನೆಯ ಕ್ರಮದಲ್ಲಿ ಆಘಾತ ಲಘುವಿನ ಮೇಲೆ ಬೀಳುತ್ತದೆ. ಅದು ಲ್ಯಾಟಿನ್ ನಿಯಮಕ್ಕೆ ಸಲ್ಲದು. ಅಚ್ಚಾದುದೆಲ್ಲ ಪ್ರಮಾಣವಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಲಘು-ಗುರುಗಳನ್ನು ಬಲ್ಲ ನಮ್ಮ ವಿದ್ಯಾರ್ಥಿ ಇದನ್ನು ತಾನೇ ಪರೀಕ್ಷಿಸಬಲ್ಲನು.

೪

ಈ ಬೆಳಕಿನಲ್ಲಿ ನಮ್ಮ ರೂಢಿಯನ್ನು ನೋಡಿದರೆ ಮೂರು ದೋಷಗಳು ಕಾಣುತ್ತವೆ.

ಮೊದಲನೆಯದು, ಪ್ರತ್ಯಯದ ಅಂಗಚ್ಛೇದ. ಕನ್ನಡದ ಬರಹಗಳಲ್ಲಿ ಇದೇ ಪ್ರತ್ಯಯ 'ಏಸಿ', 'ಏಸೀ', 'ಏಸಿಯೆ', 'ಏಸಿಯೀ' ಎಂದು ಹಲವು ವೇಷಗಳಲ್ಲಿ ಬರುತ್ತದೆ. ಮೊದಲ ಎರಡರಲ್ಲಿ ಮೂರು ಅಕ್ಷರಗಳು ಎರಡಾಗಿವೆ. ಸ್ವರದ ಮುಂದೆ ಸ್ವರ ಬಂದಾಗ ಕನ್ನಡಿಗನ ನಾಲಗೆ ತಡವರಿಸುವುದು ಸಹಜ. ಆದರೆ ಅದಕ್ಕೆ ಲೋಪವೊಂದೇ ಪರಿಹಾರವಲ್ಲ. ಆಗಮಸಂಧಿ ಇರುವುದು ಇದಕ್ಕಾಗಿಯೇ. ಇಕಾರ-ಎಕಾರಗಳ ಮುಂದೆ ಸ್ವರ ಬಂದರೆ ಯಕಾರಾಗಮ. 'ಸಿ' ಮುಂದೆ 'ಎ' ಬಂದರೆ 'ಸಿಯೆ'. ಈ ರೂಪದಲ್ಲಿ ಪ್ರತ್ಯಯದ ಮೂರಕ್ಷರಗಳೂ ಉಳಿಯುತ್ತವೆ, ಕನ್ನಡದ ಶ್ರುತಿಗೂ ಭಂಗವಿಲ್ಲ.

ಎರಡನೆಯದು, ದ್ವಿತ್ವದ ಕಡೆಗಣನೆ. ಇಂಗ್ಲಿಷಿನವರು ಎರಡು ಲಕಾರಗಳನ್ನು ಬರೆದು ಒಂದನ್ನೇ ನುಡಿಯುತ್ತಾರೆ. ಅವರನ್ನು ಅನುಸರಿಸಿ ನಾವು 'ಬ್ಯಾಸಿಲಸ್', 'ಬ್ಯಾಸಿಲೇಸಿ' ಎಂದು ಬರೆಯುತ್ತೇವೆ. ಅವರ ಬಾಯಲ್ಲಿ ದ್ವಿತ್ವವಿಲ್ಲ. ನಮ್ಮ ಬಾಯಲ್ಲಿ ಇದೆ. 'ಬೆಲ್ಲ', 'ಹೊಲ'ಗಳ ಭೇದವನ್ನು ಹುಟ್ಟಿನಿಂದ ಬಲ್ಲ ಭಾಷೆ ಆ ಭೇದವಿಲ್ಲದ ಭಾಷೆಯಿಂದ ಪಾಠ ಹೇಳಿಸಿಕೊಂಡು ತನ್ನಲ್ಲಿದ್ದುದನ್ನು ಕಳೆದುಕೊಂಡಿದೆ.

ಮೂರನೆಯದು, ಹ್ರಸ್ವ-ದೀರ್ಘಗಳ ಗೊಂದಲ. ಗ್ರೀಕಿನಲ್ಲಿ ಹ್ರಸ್ವ ಎಕಾರ-ಒಕಾರಗಳಿಗೂ ದೀರ್ಘಗಳಿಗೂ ಬೇರೆ ಬೇರೆ ಲಿಪಿಗಳಿವೆ. ರೋಮನ್ ಲಿಪಿಯಲ್ಲಿ ಆ ಭೇದ ಅಳಿಸಿಹೋಗುತ್ತದೆ. ಮರಾಠಿ-ಹಿಂದಿಗಳ ನಾಗರೀಲಿಪಿಯಲ್ಲಿ ಸಾಮಾನ್ಯವಾಗಿ ಅದನ್ನು ತೋರುವ ಉಪಾಯವಿಲ್ಲ. ಕನ್ನಡದಲ್ಲಿ ಎ-ಏ, ಒ-ಓಗಳು ಸ್ಪಷ್ಟವಾಗಿ ಬೇರೆಯಾಗಿವೆ. ಇಷ್ಟು ಅನುಕೂಲವಿದ್ದೂ ನಾವು 'ಎಂಟೆರೊ' ಎಂದು ಬರೆಯಬಹುದಾದಲ್ಲಿ 'ಎಂಟರೋ' ಎಂದೂ, 'ಸ್ಯೂಡೊ' ಎಂಬಲ್ಲಿ 'ಸ್ಯೂಡೋ' ಎಂದೂ ಬರೆಯುತ್ತಿದ್ದೇವೆ. ಲಘುವಾಗಬೇಕಾದುದು ಗುರುವಾದರೆ ಓದುವವನು ಅಲ್ಲಿಯೇ ನಿಲ್ಲುತ್ತಾನೆ. ನಿಲ್ಲಬೇಕಾದ ಪ್ರತ್ಯಯದ ದೀರ್ಘವನ್ನು ಹಾರಿಹೋಗುತ್ತಾನೆ.

೫

ಇದಕ್ಕೆ ಎರಡು ಆಕ್ಷೇಪಗಳನ್ನು ನಿರೀಕ್ಷಿಸಬಹುದು.

ಈ ಹೆಸರುಗಳನ್ನೇ ಬಿಟ್ಟು 'ಬೇರುಗಂಟು ಜೀವಾಣು ಕುಟುಂಬ' ಎಂಬಂತಹ ಕನ್ನಡ ಹೆಸರುಗಳನ್ನು ಏಕೆ ಬಳಸಬಾರದೆಂಬುದು ಒಂದು. ಅಂತಹ ಹೆಸರುಗಳು ವಿವರಣೆಗೆ ಬೇಕೇ ಬೇಕು. ಬೀಜೋಪಚಾರಕ್ಕೆಂದು ಜೀವಾಣುಗೊಬ್ಬರದ ಪೊಟ್ಟಣ ಕೊಂಡು ಬೆಲ್ಲದ ಪಾಕದಲ್ಲಿ ಕಲಸುವ ರೈತನಿಗೆ ಅವೇ ಸಾಕು. ಆದರೆ ಅವು ಶಾಸ್ತ್ರೀಯನಾಮದ ಸ್ಥಾನವನ್ನು ತುಂಬಲಾರವು. ಕಡಲೆಯ ಗಂಟಿನ ಜೀವಾಣುವಿಗೆ ೧೯೯೭ರಿಂದ 'ಮೆಸೊರೈಜೊಬಿಯಮ್' ಎಂಬ ಬೇರೆ ಕುಲವಾಯಿತು; ಆ ಕುಲವನ್ನು ಈಗ 'ಫಿಲ್ಲೊಬ್ಯಾಕ್ಟೀರಿಯೇಸಿಯೆ' ಎಂಬ ಬೇರೆ ಕುಟುಂಬದಲ್ಲಿ ಇರಿಸುವುದು ವಾಡಿಕೆ. ಗಂಟು ಮೊದಲಿದ್ದಂತೆಯೇ ಇದೆ, ಕುಟುಂಬ ಬದಲಾಗಿದೆ. ಈ ಬದಲಾವಣೆಯನ್ನು ಅನುವಾದಿತನಾಮ ತಿಳಿಸಲಾರದು. ಮೇಲಾಗಿ, ಹೆಸರುಗಳು ಹೀಗೆ ಬದಲಾಗುತ್ತಲೇ ಇರುವುದರಿಂದ ಗುರುಮುಖದಿಂದ ಕೇಳಿದ ಉಚ್ಚಾರವನ್ನು ಬಾಯಿಪಾಠ ಮಾಡಿಕೊಂಡವನು ಹೊಸ ಹೆಸರಿನ ಮುಂದೆ ಅಸಹಾಯಕನಾಗುತ್ತಾನೆ. ನಿಯಮವನ್ನು ಬಲ್ಲವನು ಎಂದೂ ಕೇಳದ ಹೆಸರನ್ನೂ ಒಡೆದು ಓದಬಲ್ಲನು: ಫಿಲ್–ಲೊ–ಬ್ಯಾಕ್–ಟೀ–ರಿ–ಯೇ–ಸಿ–ಯೆ.

ಜಗತ್ತೆಲ್ಲ ಇಂಗ್ಲಿಷಿನ ರೀತಿಯಲ್ಲಿ ನುಡಿಯುವಾಗ ನಾವು ಬೇರೆಯಾಗಿ ನುಡಿದರೆ ವಿದ್ಯಾರ್ಥಿಗೆ ನಷ್ಟವಲ್ಲವೇ ಎಂಬುದು ಇನ್ನೊಂದು. ಜಗತ್ತೆಲ್ಲ ಒಂದೇ ರೀತಿಯಲ್ಲಿ ನುಡಿಯುವುದೆಂಬುದು ಸರಿಯಲ್ಲ. ಇದೇ ಪ್ರತ್ಯಯದ ಎರಡನೆಯ ಅಕ್ಷರದ ವ್ಯಂಜನ ಪ್ರಾಚೀನ ರೋಮಿನಲ್ಲಿ ಕಕಾರ, ಇಟಲಿಯಲ್ಲಿ ಚಕಾರ, ಜರ್ಮನಿಯಲ್ಲಿ 'ತ್ಸ', ಇಂಗ್ಲಿಷಿನಲ್ಲಿ ಸಕಾರ. ಇಂಗ್ಲಿಷಿನವರಲ್ಲಿಯೂ ಮೊದಲ ಸ್ವರವನ್ನು 'ಏ' ಎನ್ನುವವರೂ 'ಆ' ಎನ್ನುವವರೂ ಇದ್ದಾರೆ. ವರ್ಣಗಳ ಗುಣ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಕ್ಷರಗಳ ಸಂಖ್ಯೆ, ಅವುಗಳ ತೂಕ, ಪ್ರಕೃತಿ-ಪ್ರತ್ಯಯಗಳ ಗಡಿ ಇವು ಬದಲಾಗಬೇಕಿಲ್ಲ. ನಾವು ಹಿಡಿಯಬೇಕಾದುದು ಇವನ್ನು. ಆದುದರಿಂದ ಈಗಾಗಲೇ ರೂಢಿಗೆ ಬಂದಿರುವ 'ಬ್ಯಾ', 'ಟೀ', 'ಏ'ಕಾರಗಳನ್ನು ಕಿತ್ತುಹಾಕಬೇಕೆಂಬುದು ನಮ್ಮ ವಾದವಲ್ಲ. 'ರೈಜೊಬಿಯೇಸಿಯೆ' ಎಂದರೂ ಸರಿ, 'ರಿಜೊಬಿಯಾಸೆಯೆ' ಎಂದರೂ ಸರಿ. ಎರಡರಲ್ಲಿಯೂ ಆರು ಅಕ್ಷರಗಳಿವೆ, ಎರಡರಲ್ಲಿಯೂ ಆಘಾತ ನಾಲ್ಕನೆಯದರ ಮೇಲಿದೆ. 'ರೈಜೋಬಿಯೇಸಿ' ಎಂಬಲ್ಲಿ ಅಕ್ಷರಗಳು ಐದೇ.

ಅನ್ಯಶಬ್ದಗಳನ್ನು ಕಿವಿಯಿಂದ ಕೇಳಿ ತನ್ನ ನಿಯಮದಿಂದ ಅಳವಡಿಸಿಕೊಳ್ಳುವುದು ಈ ನಾಡಿಗೆ ಹೊಸದೂ ಅಲ್ಲ. ಜ್ಯೋತಿಷದ 'ಹೋರಾ', 'ಕೇಂದ್ರ' ಶಬ್ದಗಳು ಗ್ರೀಕಿನಿಂದ ಬಂದವು. ಇಂದು ಅವನ್ನು ಪರಕೀಯವೆಂದು ಯಾರೂ ಎಣಿಸುವುದಿಲ್ಲ. ಆ 'ಜ್ಯೋತಿಷ' ಶಬ್ದವೇ ಕನ್ನಡದಲ್ಲಿ 'ಜೋಯಿಸ' ಎಂದಾಯಿತು. ಪಂಪನ ತಮ್ಮ ಜಿನವಲ್ಲಭನ ಗಂಗಾಧರಂ ಶಾಸನದಿಂದ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿದುಬರುತ್ತದೆ. ಹತ್ತನೆಯ ಶತಮಾನದ ಬೆಳ್ವೊಲದವರು ಅನ್ಯಶಬ್ದವನ್ನು ತಮ್ಮ ನಾಲಗೆಯ ನಿಯಮದಂತೆ ನುಡಿಯಲು ಯಾರ ಅಪ್ಪಣೆಯನ್ನೂ ಕಾಯಲಿಲ್ಲ.

೬

ಅದೇ ಅಣ್ಣಿಗೇರಿಯ ಹೆಸರನ್ನು ಹೊತ್ತ ಕಡಲೆಯ ತಳಿಯೊಂದಿದೆ; 'ಅಣ್ಣಿಗೇರಿ-೧' ಎಂಬ ಈ ತಳಿ ದಕ್ಷಿಣ ಭಾರತದ ಕಡಲೆಬೆಳೆಯಲ್ಲಿ ಬಹುಕಾಲ ಹೆಸರಾದುದು. ಕೃಷಿವಿಜ್ಞಾನದ ಪತ್ರಿಕೆಗಳಲ್ಲಿ ಈ ಹೆಸರು ರೋಮನ್ ಲಿಪಿಯಲ್ಲಿ ಅಚ್ಚಾಗುತ್ತದೆ. ಆ ಲಿಪಿಯಲ್ಲಿ 'ಣ್ಣ'ಕಾರದ ಮೂರ್ಧನ್ಯತೆ ತೋರುವುದಿಲ್ಲ, 'ಗೇ' ಎಂಬುದರ ದೀರ್ಘ ತೋರುವುದಿಲ್ಲ. ದೂರದೇಶದ ವಿದ್ವಾಂಸನು ಅದನ್ನು ಓದುವಾಗ ನಮ್ಮ ಊರು ಗುರುತು ಸಿಗದಂತಾಗುತ್ತದೆ. ಅದಕ್ಕಾಗಿ ನಾವು ಅವನನ್ನು ನೋಡಿ ನಗುವುದಿಲ್ಲ. ಲಿಪಿಯ ಕೊರತೆಯೆಂದು ತಿಳಿದು ಸರಿಯಾದ ರೂಪವನ್ನು ಹೇಳಿಕೊಡುತ್ತೇವೆ. ರೋಮನ್ ಲಿಪಿಯಲ್ಲಿ ದೀರ್ಘಹ್ರಸ್ವಗಳನ್ನು ಕಳೆದುಕೊಂಡ ಲ್ಯಾಟಿನ್ ಹೆಸರನ್ನು ಮೊದಲ ಸಲ ಓದುವ ಹಳ್ಳಿಯ ವಿದ್ಯಾರ್ಥಿಗೂ ಇಷ್ಟೇ ಸೌಜನ್ಯ ಸಲ್ಲಬೇಕು.

ಒಟ್ಟಿನಲ್ಲಿ ನಮ್ಮ ಸೂಚನೆಗಳು ಇವು. ಕುಟುಂಬನಾಮದ ಪ್ರತ್ಯಯವನ್ನು ಕನ್ನಡದಲ್ಲಿ ಎಲ್ಲರೂ 'ಏಸಿಯೆ' ಎಂದು ಮೂರಕ್ಷರಗಳಲ್ಲಿ ಬರೆಯತಕ್ಕದ್ದು. ಮೂಲದಲ್ಲಿ ದ್ವಿತ್ವವಿದ್ದಲ್ಲಿ ಕನ್ನಡದಲ್ಲಿಯೂ ದ್ವಿತ್ವವನ್ನು ಉಳಿಸತಕ್ಕದ್ದು, ಬ್ಯಾಸಿಲ್ಲೇಸಿಯೆ, ಫಿಲ್ಲೊಬ್ಯಾಕ್ಟೀರಿಯೇಸಿಯೆ. ಗ್ರೀಕ್ ಸಮಾಸಗಳ ನಡುವಿನ ಒಕಾರವನ್ನು ಹ್ರಸ್ವವಾಗಿಯೇ ಬರೆಯತಕ್ಕದ್ದು. ಪಠ್ಯಪುಸ್ತಕದಲ್ಲಿ ಹೆಸರು ಮೊದಲ ಸಲ ಬಂದಾಗ ಅಕ್ಷರವಿಭಾಗವನ್ನೂ ಪ್ರಕೃತಿಯನ್ನೂ ತೋರಿಸತಕ್ಕದ್ದು. ಎಂ–ಟೆ–ರೊ–ಬ್ಯಾಕ್–ಟೀ–ರಿ–ಯೇ–ಸಿ–ಯೆ ಎಂಬ ಒಂಬತ್ತಕ್ಷರಗಳ ಹೆಸರಿಗೆ ಪ್ರಸ್ತಾರ ಹಾಕುವುದು ಕಂದಪದ್ಯಕ್ಕೆ ಪ್ರಸ್ತಾರ ಹಾಕುವುದಕ್ಕಿಂತ ಕಷ್ಟವಲ್ಲ; ಒಂದು ಗಂಟೆಯ ಪಾಠ ಸಾಕು. ಆ ಪಾಠವನ್ನು ಕನ್ನಡದ ಅಧ್ಯಾಪಕನೂ ವಿಜ್ಞಾನದ ಅಧ್ಯಾಪಕನೂ ಕೂಡಿ ಹೇಳಬೇಕೆಂಬುದು ನಮ್ಮ ಅಪೇಕ್ಷೆ. ಮೌಖಿಕ ಪರೀಕ್ಷೆಯಲ್ಲಿ ಉಚ್ಚಾರವನ್ನು ತಿದ್ದುವ ಮೊದಲು ಪರೀಕ್ಷಕರು ಅಕ್ಷರಗಳನ್ನು ಒಮ್ಮೆ ಎಣಿಸಿ ನೋಡಬೇಕೆಂಬುದೂ ಈ ಅಪೇಕ್ಷೆಯಲ್ಲಿ ಸೇರಿದೆ. ಅಂದು ಹಾಗೆ ಎಣಿಸಿದ್ದರೆ ನವಲಗುಂದದ ಆ ವಿದ್ಯಾರ್ಥಿನಿ ತಾನು ಕಂಡ ಗಂಟಿನ ವಿಷಯವನ್ನು ಇನ್ನಷ್ಟು ಹೇಳುತ್ತಿದ್ದಳು.